ಅಂಗಳದ ಊರ ಬೆಂಡೆ

ಆಟಿ ತಿಂಗಳಲ್ಲಿ ಮಳೆ ಹೊಳವಾಗುವುದೇ ಅಪರೂಪ. ರಾತ್ರಿಯಿಡೀ ಹೊಯ್ದ ಮಳೆ ಒಂದೊಂದು ದಿನ ಬೆಳಗಿನ ಹೊತ್ತಿಗೆ ನಿಲ್ಲುತ್ತದೆ. ಮಾಡಿನ ಹಂಚಿನಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಅಡಿಕೆ ತೋಟದ ತಲೆಯ ಮೇಲಿಂದ ಎಳೆಬಿಸಿಲು ಮೆಲ್ಲನೆ ಅಂಗಳಕ್ಕೆ ಇಳಿಯುತ್ತದೆ. ಪುತ್ತೂರು, ವಿಟ್ಲದ ಕಡೆಯ ಹಳೆಯ ಮನೆಗಳಲ್ಲಿ ಹೆಂಗಸರು ಆಗ ಕುರುವೆ ಹಿಡಿದು ನೆಟ್ಟಿಕಾಯಿಯ, ಅಂದರೆ ಅಂಗಳದ ತರಕಾರಿಯ, ಸಾಲಿಗೆ ಹೊರಡುತ್ತಾರೆ. ಚಪ್ಪರದ ತುಂಬ ಹೀರೆ, ಪಡವಲ, ಹಾಗಲ. ನೆಲದ ಮೇಲೆ ಹಬ್ಬಿದ ಮುಳ್ಳುಸೌತೆ. ಕೋಲಿಗೆ ಸುತ್ತಿಕೊಂಡ ಅಲಸಂಡೆ. ಈ ಬಳ್ಳಿಗಳ ಸಂತೆಯಲ್ಲಿ ಯಾವ ಆಸರೆಯನ್ನೂ ಕೇಳದೆ ನೆಟ್ಟಗೆ ನಿಂತದ್ದು ಬೆಂಡೆಗಿಡ ಒಂದೇ. ಆಳೆತ್ತರದ ದಂಟು, ಅಂಗೈಗಿಂತ ದೊಡ್ಡ ಸೀಳೆಲೆ, ಪ್ರತಿ ಎಲೆಯ ಬುಡದಲ್ಲೂ ಒಂದೊಂದು ಗೆಣ್ಣು. ಕೆಳಗಿನ ಗೆಣ್ಣಿನಲ್ಲಿ ಬಲಿತ ಕಾಯಿ, ಅದರ ಮೇಲೆ ಕೊಯ್ಯುವ ಹದದ ಕಾಯಿ, ಇನ್ನೂ ಮೇಲೆ ಕಿರುಬೆರಳಿನ ಗಾತ್ರದ ಮಿಡಿ, ತುದಿಯಲ್ಲಿ ಮೊಗ್ಗು. ಈ ಮಿಡಿಗೂ ಮೊಗ್ಗಿಗೂ ನಡುವೆ ಆ ದಿನದ ಹೂವು.

ಬೆಂಡೆಯ ಹೂವನ್ನು ನಿಂತು ನೋಡುವವರು ಕಡಿಮೆ. ತರಕಾರಿಯ ಹೂವಲ್ಲವೇ ಎಂದು ಕಣ್ಣು ಅದರ ಕೆಳಗಿನ ಕಾಯಿಗೆ ಹೋಗುತ್ತದೆ. ಆದರೆ ಮಳೆಗಾಲದ ಅಂಗಳದಲ್ಲಿ ಅಷ್ಟು ಚೆಂದದ ಹೂವು ಬೇರೆ ಇಲ್ಲ ಎಂದೇ ನನ್ನ ಅನಿಸಿಕೆ. ತೆಳು ಹಳದಿಯ ಐದು ದಳ, ಒಳಗೆ ಕಡುಗೆಂಪು ಬಟ್ಟಲು, ಅದರ ನಡುವಿನಿಂದ ಎದ್ದ ಕೇಸರದ ಕಂಬ. ನೋಡಿದ ಕೂಡಲೇ ಇದು ದಾಸವಾಳದ ನಂಟು ಎಂದು ತಿಳಿಯುತ್ತದೆ. ನಿಜವಾಗಿಯೂ ಅದೇ ಕುಟುಂಬ. ಹತ್ತಿ, ಪುಂಡಿ, ಹೂವರಸಿ, ಕಸ್ತೂರಿ ಬೆಂಡೆ ಎಲ್ಲವೂ ದಾಯಾದಿಗಳು. ತೋಟದಲ್ಲಿ ಅಡಿಕೆಯ ನೆರಳಿಗೆ ನಿಂತ ಕೊಕ್ಕೋ ಮರವನ್ನೂ ಈಗಿನ ಸಸ್ಯಶಾಸ್ತ್ರಜ್ಞರು ಇದೇ ಕುಟುಂಬಕ್ಕೆ ಸೇರಿಸಿದ್ದಾರೆ. 1753ರಲ್ಲಿ ಲಿನೇಯಸ್ ಹೆಸರಿಡುವಾಗ ಬೆಂಡೆಯನ್ನು ದಾಸವಾಳದ ಜೊತೆಗೇ ಇಟ್ಟಿದ್ದ. ಅದನ್ನು ಬೇರೆ ಮಾಡಿ ಅಬೆಲ್ಮಾಸ್ಕಸ್ ಎಂಬ ಗುಂಪಿಗೆ ಸೇರಿಸಿದ್ದು ಆಮೇಲಿನವರು.

ಈ ಹೂವಿನ ಆಯುಸ್ಸು ಒಂದು ಹಗಲು. ಬೆಳಿಗ್ಗೆ ಅರಳಿದ್ದು ಸಂಜೆಯೊಳಗೆ ಮುದುಡುತ್ತದೆ, ಮರುದಿನ ಉದುರುತ್ತದೆ. ಅಲ್ಲಿಂದ ಐದಾರು ದಿನಕ್ಕೆ ಕಾಯಿ ಕೊಯ್ಯಲು ಸಿದ್ಧ. ಏಳೆಂಟು ದಿನ ಕಳೆದರೆ ನಾರು ಕಟ್ಟತೊಡಗುತ್ತದೆ. ಬೇರೆ ತರಕಾರಿಗಳು ಇಷ್ಟು ಅವಸರ ಮಾಡುವುದಿಲ್ಲ. ಕುಂಬಳಕಾಯಿ ಬಳ್ಳಿಯಲ್ಲೇ ತಿಂಗಳು ಕಾಯುತ್ತದೆ, ಹಿತ್ತಿಲ ಗೆಣಸು ನೆಲದೊಳಗೆ ಸುಮ್ಮನಿರುತ್ತದೆ, ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದರೆ ಮುಂದಿನ ಬೇಸಗೆಯವರೆಗೂ ಬರುತ್ತದೆ. ಬೆಂಡೆ ಮಾತ್ರ ಗಳಿಗೆಯ ಲೆಕ್ಕದ ಕಾಯಿ. ಅದು ಮನೆಯಂಗಳದಲ್ಲೇ ಇರಬೇಕು ಎಂದು ನಾನು ಹೇಳುವುದು ಇದಕ್ಕೇ. ದಿನಕ್ಕೊಮ್ಮೆ ಅದರ ಹತ್ತಿರ ಹೋಗಿ ಬರುವ ಕಾಲು ಬೇಕು.

"ಇವತ್ತು ಕೊಯ್ಯದಿದ್ರೆ ನಾಡಿದ್ದಿಗೆ ಅದು ಬೀಜಕ್ಕೇ ಸೈ," ಎನ್ನುತ್ತಿದ್ದರು ನಮ್ಮ ದೊಡ್ಡಮ್ಮ. ಬಲಿತ ಕಾಯಿಯನ್ನು ಗಿಡದಲ್ಲಿ ಬಿಟ್ಟರೆ ಆ ಒಂದು ಕಾಯಿ ಹಾಳಾಗುವುದಷ್ಟೇ ಅಲ್ಲ. ಗಿಡ ತನ್ನ ಶಕ್ತಿಯನ್ನೆಲ್ಲ ಆ ಬೀಜಕ್ಕೆ ಕೊಡಲು ಹೊರಡುತ್ತದೆ, ಮೇಲೆ ಹೂ ಬಿಡುವುದು ಕಡಿಮೆಯಾಗುತ್ತದೆ. ದಿನ ಬಿಟ್ಟು ದಿನ ಕೊಯ್ದಷ್ಟೂ ಕಾಯಿ ಹೆಚ್ಚು. ಹಾಗಾಗಿ ಮಳೆ ಬಂದರೂ ಸರಿ, ತಲೆಗೆ ಗೊರಬೆ ಹಾಕಿಕೊಂಡು ದೊಡ್ಡಮ್ಮ ಸಾಲಿಗೆ ಇಳಿಯುತ್ತಿದ್ದರು. ಗಿಡಕ್ಕೂ ಕಾಯಿಗೂ ಸಣ್ಣ ಸುಂಕು ಇರುತ್ತದೆ. ಬರಿಗೈ ತಾಗಿದರೆ ಮೊಣಕೈವರೆಗೂ ತುರಿಕೆ. ಉದ್ದ ತೋಳಿನ ಹಳೆಯ ಅಂಗಿ, ಕೈಗೆ ಒಂದಿಷ್ಟು ತೆಂಗಿನೆಣ್ಣೆ, ಇಷ್ಟು ಇದ್ದರೆ ಸಾಕು. ಕಾಯಿಯನ್ನು ಎಳೆಯಬಾರದು. ಎಳೆದರೆ ದಂಟಿನ ಸಿಪ್ಪೆ ಸುಲಿದು ಬರುತ್ತದೆ. ತೊಟ್ಟನ್ನು ಸಣ್ಣ ಕತ್ತಿಯಿಂದ ಕೊಯ್ಯಬೇಕು. ಕೊಯ್ದ ಕಾಯಿಯ ಕೆಳಗಿನ ಎಲೆಯನ್ನೂ ದೊಡ್ಡಮ್ಮ ತೆಗೆದುಬಿಡುತ್ತಿದ್ದರು. ಗಾಳಿ ಬೆಳಕು ಆಡಲಿ ಎಂದು. ಆ ಎಲೆ ನೇರ ಹಟ್ಟಿಯ ದನಕ್ಕೆ ಹೋಗುತ್ತಿತ್ತು.

ಕುರುವೆಗೆ ಬಿದ್ದ ಕಾಯಿಯನ್ನು ಒಮ್ಮೆ ನೋಡಿ. ಪೇಟೆಯ ಬೆಂಡೆಯನ್ನೇ ಕಂಡವರಿಗೆ ಇದು ಬೇರೆಯೇ ಕಾಯಿ ಎನಿಸುತ್ತದೆ. ಬಣ್ಣ ಕಡುಹಸಿರಲ್ಲ, ಹಾಲು ಬೆರೆಸಿದ ಹಸಿರು. ಅದಕ್ಕೇ ಕೆಲವರು ಹಾಲುಬೆಂಡೆ ಎನ್ನುತ್ತಾರೆ. ದಪ್ಪ ಹೆಚ್ಚು, ಏಣೂ ಹೆಚ್ಚು. ಗೇಣುದ್ದ ಬೆಳೆದ ಮೇಲೂ ತುದಿ ಬಗ್ಗಿಸಿದರೆ ಟಪ್ಪೆಂದು ಮುರಿಯುತ್ತದೆ. ಗೇಣುದ್ದವಾದರೆ ಬಲಿತುಹೋಯಿತು ಎಂಬ ಲೆಕ್ಕ ಇದರ ಮುಂದೆ ನಡೆಯುವುದಿಲ್ಲ. ಕರಾವಳಿಯ ಪೇಟೆಗಳಲ್ಲಿ ಬೆಂಡೆಗೆ ಎರಡೇ ಜಾತಿ: ಊರ ಬೆಂಡೆ, ಘಟ್ಟದ ಬೆಂಡೆ. ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿದದ್ದು ಸಣ್ಣದು, ಕಡುಹಸಿರು, ಒಂದೇ ಅಳತೆ. ಚೀಲದಲ್ಲಿ ಒತ್ತಿಕೊಂಡು ಬಂದರೂ ಆಕಾರ ಕೆಡದು. ಊರ ಬೆಂಡೆಗೆ ಆ ತಾಳಿಕೆ ಇಲ್ಲ. ಬೆಳಿಗ್ಗೆ ಕೊಯ್ದದ್ದು ಸಂಜೆಗೆ ಬಾಡುತ್ತದೆ. ಆದರೂ ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ, ಅಷ್ಟಮಿ ಚೌತಿಯ ಹೊತ್ತಿಗೆ ಮಂಗಳೂರಿನ ರಸ್ತೆ ಬದಿಯಲ್ಲಿ ಊರ ಬೆಂಡೆ ರಾಶಿ ಹಾಕಿ ಕೂತವರ ಮುಂದೆ ಜನ ಮುಗಿಬೀಳುತ್ತಾರೆ, ಘಟ್ಟದ ಬೆಂಡೆಗಿಂತ ಎಷ್ಟೋ ಹೆಚ್ಚು ಬೆಲೆ ಕೊಟ್ಟು ಒಯ್ಯುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಹೊಸ ತೆನೆಯ ಊಟ. ಆ ದಿನ ಮೀನು ಮಾಂಸ ಇಲ್ಲ. ಮೂರು, ಐದು, ಏಳು ಎಂದು ಬೆಸ ಸಂಖ್ಯೆಯಲ್ಲಿ ತರಕಾರಿ ಪದಾರ್ಥ. ಅದರಲ್ಲಿ ಬೆಂಡೆಗೊಂದು ಸ್ಥಾನ ಇದ್ದೇ ಇರುತ್ತದೆ. ಹಬ್ಬ ಯಾರದೇ ಆಗಲಿ, ಆ ತಿಂಗಳಲ್ಲಿ ಅಂಗಳ ಕೊಡುವುದು ಅದನ್ನೇ ಅಲ್ಲವೇ.

ಇದೆಲ್ಲ ಸೋಣದ ಮಾತಾಯಿತು. ಬೆಂಡೆಯ ಕೆಲಸ ಶುರುವಾಗುವುದು ಬೇಸಗೆಯ ಕೊನೆಗೆ. ತುಳುನಾಡಿನಲ್ಲಿ ಪತ್ತನಾಜೆ ಎಂದರೆ ಬೇಸ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಜನ ಬೇಸಾಯದ ಕಡೆಗೆ ತಿರುಗುತ್ತಾರೆ. ನೆಟ್ಟಿಕಾಯಿಯ ಬೀಜ ಮಣ್ಣಿಗೆ ಬೀಳುವುದು ಆ ಹೊತ್ತಿಗೇ. ನಾಲ್ಕು ಮಳೆ ಬಂದು ನೆಲ ತಣಿದಿರಬೇಕು, ಮುಂಗಾರು ಜೋರು ಹಿಡಿದಿರಬಾರದು. ಈ ಹದಿನೈದು ದಿನದ ಸಂದಿಯಲ್ಲಿ ಬೀಜ ಮೊಳೆತು ನಾಲ್ಕೆಲೆ ಬಿಟ್ಟರೆ ಗಿಡ ಬದುಕಿದಂತೆ. ತಡವಾದರೆ ಜೂನ್ ಮಳೆಗೆ ಮೊಳಕೆಯ ಬುಡ ಕೊಳೆತು ಮಲಗುತ್ತದೆ. ಮಂಗಳೂರು, ಪುತ್ತೂರಿನ ಈ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಸುರಿಯುವುದು ಜೂನಿನಿಂದ ಸೆಪ್ಟೆಂಬರಿನೊಳಗೆ. ನೀರು ನಿಂತಲ್ಲಿ ಬೆಂಡೆ ನಿಲ್ಲುವುದಿಲ್ಲ. ಅದಕ್ಕೆ ಏರಿ ಬೇಕು, ಏರಿಯ ಎರಡೂ ಬದಿಗೆ ನೀರು ಹರಿಯುವ ಕಣಿ ಬೇಕು.

ಮತ್ತೊಂದು ಬೇಕಾದದ್ದು ಸುಡುಮಣ್ಣು. ಕರಾವಳಿಯ ನೆಟ್ಟಿಕಾಯಿಯ ಗುಟ್ಟು ಅರ್ಧ ಅದರಲ್ಲೇ ಇದೆ. ಮಾರ್ಚ್, ಏಪ್ರಿಲಿನಲ್ಲಿ ಅಂಗಳ ಗುಡಿಸಿದ ತರಗೆಲೆ, ಒಣಸೊಪ್ಪು, ತೆಂಗಿನ ಗೆರಟೆ, ಕಸಕಡ್ಡಿಗಳನ್ನು ಹಾಸಿ ಅದರ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಡುತ್ತಾರೆ. ಉರಿ ಏಳಬಾರದು. ಒಳಗೊಳಗೇ ಹೊಗೆಯಾಡುತ್ತ ದಿನಗಟ್ಟಲೆ ಬೇಯಬೇಕು. ಬೆಂದ ಮಣ್ಣು ಹುಡಿಯಾಗಿ, ಬೂದಿ ಬೆರೆತು, ಮುಟ್ಟಿದರೆ ಹಗುರ. ಮುರಕಲ್ಲಿನ ನಾಡಿನ ಮಣ್ಣು ಹುಳಿ. ಬೂದಿ ಆ ಹುಳಿಯನ್ನು ತಗ್ಗಿಸುತ್ತದೆ, ಜೊತೆಗೆ ಪೊಟ್ಯಾಷ್ ಕೊಡುತ್ತದೆ. ಸುಟ್ಟ ಮಣ್ಣಿನಲ್ಲಿ ಹುಳದ ಮೊಟ್ಟೆ, ಕಳೆಬೀಜ ಉಳಿಯುವುದಿಲ್ಲ. ಏರಿಯಲ್ಲಿ ಗುಳಿ ತೆಗೆದು ಹಳೆಯ ಹಟ್ಟಿಗೊಬ್ಬರ, ಅದರ ಮೇಲೆ ಎರಡು ಬೊಗಸೆ ಸುಡುಮಣ್ಣು, ಅದರಲ್ಲಿ ಮೂರು ಬೀಜ. ಬೀಜವನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿರಬೇಕು, ಅದರ ಸಿಪ್ಪೆ ಗಟ್ಟಿ. ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಇಟ್ಟುಕೊಳ್ಳಬೇಕು. ಬೆರಳಿನ ಒಂದು ಗೆಣ್ಣಿನಷ್ಟು ಆಳ ಸಾಕು. ನಾಲ್ಕೈದು ದಿನಕ್ಕೆ ಮೊಳಕೆ. ಮೂರರಲ್ಲಿ ಗಟ್ಟಿಮುಟ್ಟಾದ ಒಂದನ್ನು ಉಳಿಸಿ ಉಳಿದದ್ದನ್ನು ಚಿವುಟಿಬಿಡಬೇಕು. ಚಿವುಟಲು ಮನಸ್ಸು ಬಾರದವರ ಗಿಡಗಳು ಒಂದರ ನೆರಳಿಗೆ ಇನ್ನೊಂದು ಸಣಕಲಾಗಿ ಏಳುತ್ತವೆ, ಕಾಯಿ ಮಾತ್ರ ಬಿಡುವುದಿಲ್ಲ. ಗಿಡದಿಂದ ಗಿಡಕ್ಕೆ ಒಂದು ಮೊಳ, ಸಾಲಿನಿಂದ ಸಾಲಿಗೆ ಒಂದೂವರೆ ಮೊಳ ಅಂತರ ಇರಲಿ. ನಾಲ್ಕೈದು ಜನರ ಮನೆಗೆ ಹತ್ತು ಹನ್ನೆರಡು ಗಿಡ ಇದ್ದರೆ ದಿನ ಬಿಟ್ಟು ದಿನ ಒಂದು ಪದಾರ್ಥಕ್ಕೆ ಆಗುವಷ್ಟು ಕಾಯಿ ಸಿಗುತ್ತದೆ.

ಬಿತ್ತಿದ ನಲವತ್ತು, ನಲವತ್ತೈದು ದಿನಕ್ಕೆ ಮೊದಲ ಹೂವು. ಅಲ್ಲಿಯವರೆಗಿನ ಕಾಲ ಕಾವಲಿನದು. ಮಳೆಯ ರಾತ್ರಿ ಬಸವನಹುಳ ಬಂದು ಎಳೆ ಸಸಿಯನ್ನು ಬುಡದವರೆಗೆ ಮೇಯುತ್ತದೆ. ಟಾರ್ಚು ಹಿಡಿದು ಹೋಗಿ ಹೆಕ್ಕುವುದೊಂದೇ ದಾರಿ. ಈಚಿನ ವರ್ಷಗಳಲ್ಲಿ ನವಿಲುಗಳ ಕಾಟ, ಮಂಗಗಳದ್ದು ಅದಕ್ಕಿಂತ ಜೋರು. ಒಂದು ಗುಂಪು ಮಂಗ ಬಂದು ಹೋದ ಮೇಲೆ ನೆಟ್ಟಿಕಾಯಿ ಸಾಲಿನಲ್ಲಿ ನಿಂತವರ ಮುಖವನ್ನು ನೋಡಲಾಗುವುದಿಲ್ಲ. ಎಷ್ಟೋ ಮನೆಗಳು ಬೆಳೆಯುವುದನ್ನೇ ಬಿಟ್ಟದ್ದು ಸೋಮಾರಿತನದಿಂದ ಅಲ್ಲ, ಈ ನಿರಾಸೆಯಿಂದ. ಬಲೆ ಕಟ್ಟಿ, ನಾಯಿ ಸಾಕಿ, ಡಬ್ಬ ಬಡಿದು ಇನ್ನೂ ಬೆಳೆಯುತ್ತಿರುವವರ ಮೇಲೆ ನನಗೆ ದೊಡ್ಡ ಗೌರವ.

ಹುಳಗಳಲ್ಲಿ ಎದ್ದು ಕಾಣುವುದು ಎಲೆ ಸುರುಳಿ ಹುಳ. ಎಲೆಯನ್ನು ಮಕ್ಕಳ ಪೀಪಿಯ ಹಾಗೆ ಸುತ್ತಿ ಒಳಗೆ ಕೂತು ತಿನ್ನುತ್ತದೆ. ಸುರುಳಿಯನ್ನೇ ಕಿತ್ತು ಹೊಸಕಿದರೆ ಮುಗಿಯಿತು. ಹನ್ನೆರಡು ಗಿಡದ ಒಡೆಯನಿಗೆ ಸಿಂಪಡಣೆ ಬೇಕಾಗಿಲ್ಲ, ಬೆಳಗಿನ ಕಣ್ಣು ಸಾಕು. ಕಾಯಿ ಕೊರೆಯುವ ಹುಳ ತುದಿಯ ಚಿಗುರಿನಿಂದಲೇ ಶುರುಮಾಡುತ್ತದೆ. ಬಾಗಿದ ಚಿಗುರು ಕಂಡರೆ ಅದನ್ನು ಚಿವುಟಿ ಸುಡಬೇಕು. ಎಲೆಯಡಿಯ ಹೇನಿಗೆ ಇಬ್ಬನಿ ಆರುವ ಮೊದಲು ಒಲೆಯ ಬೂದಿ ಎರಚುವುದು ರೂಢಿ.

ಔಷಧಿಯಿಲ್ಲದ ರೋಗವೂ ಒಂದಿದೆ. ಎಲೆಯ ನರಗಳೆಲ್ಲ ಹಳದಿಯಾಗಿ, ಹಸಿರು ಎಲೆಯ ಮೇಲೆ ಹಳದಿ ಬಲೆ ಹಾಸಿದಂತೆ ಕಾಣಿಸಿಕೊಳ್ಳುತ್ತದೆ. ಆಮೇಲೆ ಇಡೀ ಎಲೆ ಹಳದಿ, ಕಾಯಿ ಬಿಳಿಚಿ ಒರಟು. ಇದು ವೈರಸ್. ಹಬ್ಬಿಸುವುದು ಬಿಳಿನೊಣ. 1924ರಲ್ಲೇ ಆಗಿನ ಬೊಂಬಾಯಿ ಪ್ರಾಂತ್ಯದಲ್ಲಿ ಇದನ್ನು ಗುರುತಿಸಿದ್ದರು. 1950ರ ದಶಕದಲ್ಲಿ ದೆಹಲಿಯಲ್ಲಿ ರೂಪುಗೊಂಡ ಪೂಸಾ ಸಾವನಿ ತಳಿ ಮೊದಮೊದಲು ಇದನ್ನು ತಡೆದುಕೊಂಡು ದೇಶದ ತುಂಬ ಹರಡಿತು, ವರ್ಷಗಳು ಕಳೆದಂತೆ ಅದೂ ಸೋತಿತು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕಾಡುಬೆಂಡೆಯ ಜಾತಿಯೊಂದರ ಜೊತೆ ಸಂಕರ ಮಾಡಿ, ಅದರ ರೋಗ ತಾಳುವ ಗುಣವನ್ನು ಊಟದ ಬೆಂಡೆಗೆ ತಂದರು. ಅರ್ಕಾ ಅನಾಮಿಕ, ಅರ್ಕಾ ಅಭಯ್ ಹುಟ್ಟಿದ್ದು ಹಾಗೆ. ಇಂದು ನಾವು ಘಟ್ಟದ ಬೆಂಡೆ ಎಂದು ಕೊಳ್ಳುವ ಕಡುಹಸಿರು ಕಾಯಿಯ ಹಿಂದೆ ಇಂಥ ದುಡಿಮೆ ಇದೆ. ಹೊಲದಲ್ಲಿ ಎಕರೆಗಟ್ಟಲೆ ಬೆಳೆಯುವ ರೈತನಿಗೆ ಅದು ಆಧಾರ. ಆ ತಳಿಗಳಿಗೆ ಗುಣ ಎರವಲು ಸಿಕ್ಕಿದ್ದು ಯಾರೂ ಬೆಳೆಯದ ಒಂದು ಕಾಡುಗಿಡದಿಂದ ಎಂಬುದನ್ನೂ ಮರೆಯಬಾರದು. ಅಂಗಳದಲ್ಲಿ ಹಳದಿ ನರದ ಗಿಡ ಕಂಡರೆ ಕನಿಕರ ತೋರಿಸದೆ ಕಿತ್ತು ಸುಡಬೇಕು, ಉಳಿದ ಹನ್ನೊಂದು ಉಳಿಯುತ್ತವೆ.

ಈಗ ಅಡಿಗೆಮನೆಗೆ ಬರೋಣ. ಬೆಂಡೆ ಎಂದರೆ ಮೂಗು ಮುರಿಯುವವರ ದೂರು ಒಂದೇ: ಲೋಳೆ. ಈ ಲೋಳೆ ಸಕ್ಕರೆಯ ಕಣಗಳೇ ಉದ್ದುದ್ದ ಸರಪಣಿಯಾಗಿ ಹೆಣೆದುಕೊಂಡ ಅಂಟು. ನೀರು ಸಿಕ್ಕಿದರೆ ಉಬ್ಬುತ್ತದೆ, ಕಲಕಿದರೆ ಎಳೆ ಬಿಡುತ್ತದೆ. ಹುಳಿ ತಾಗಿದರೆ ತೆಳುವಾಗುತ್ತದೆ, ಬಿಸಿ ಎಣ್ಣೆಯಲ್ಲಿ ಒಣಗುತ್ತದೆ. ನಮ್ಮ ಹೆಂಗಸರು ಕಟ್ಟಿಕೊಂಡ ಬೆಂಡೆಯ ಅಡಿಗೆಯೆಲ್ಲ ಈ ಗುಣವನ್ನು ಬಲ್ಲ ಅಡಿಗೆ. ಕಾಯಿಯನ್ನು ಇಡಿಯಾಗಿ ತೊಳೆದು, ಬಟ್ಟೆಯಿಂದ ಒರೆಸಿ, ನೀರಿನ ಪಸೆ ಆರಿದ ಮೇಲೆ ಮೆಟ್ಟುಕತ್ತಿಯ ಮುಂದೆ ಕೂರುತ್ತಿದ್ದರು ದೊಡ್ಡಮ್ಮ. ಹೆಚ್ಚಿದ ಮೇಲೆ ತೊಳೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಹೆಚ್ಚಿ ತೊಳೆದ್ರೆ ಅದರಲ್ಲಿ ಮತ್ತೆ ಎಂತ ಉಂಟು ಮಗಾ? ಒಳ್ಳೇದೆಲ್ಲ ನೀರಲ್ಲಿ ಹೋಯ್ತು."

ಆಟಿಯ ಮಧ್ಯಾಹ್ನಕ್ಕೆ ನನಗೆ ಬೇಕೆನಿಸುವುದು ಸಾಸಮೆ. ಎಳೆ ಬೆಂಡೆಯನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ, ಬಾಣಲೆಯಲ್ಲಿ ತೆಂಗಿನೆಣ್ಣೆ ಕಾಯಿಸಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಮುಚ್ಚಳ ಮುಚ್ಚಬಾರದು. ಮುಚ್ಚಿದರೆ ಹಬೆಯ ನೀರು ಇಳಿದು ಲೋಳೆ ಎದ್ದುಬಿಡುತ್ತದೆ. ಉಪ್ಪು ಮೊದಲೇ ಹಾಕಬಾರದು, ಅದೂ ನೀರು ಬಿಡಿಸುತ್ತದೆ. ಬಿಲ್ಲೆಗಳು ಒಂದಕ್ಕೊಂದು ಅಂಟುವುದನ್ನು ಬಿಟ್ಟು ಬಿಡಿಬಿಡಿಯಾಗಿ, ಅಂಚು ಕೆಂಪಾಗುವ ಹೊತ್ತಿಗೆ ಉಪ್ಪು ಹಾಕಿ ಇಳಿಸಿ ಆರಲು ಬಿಡಬೇಕು. ಅತ್ತ ಕಡೆಯುವ ಕಲ್ಲಿನಲ್ಲಿ ಹಸಿ ತೆಂಗಿನತುರಿ, ಒಂದು ಹಸಿಮೆಣಸು, ಅರ್ಧ ಚಮಚ ಸಾಸಿವೆ. ಸಾಸಿವೆಯನ್ನು ಕೊನೆಯ ಸುತ್ತಿಗೆ ಹಾಕಬೇಕು, ಹೆಚ್ಚು ಕಡೆದರೆ ಕಹಿ ಬರುತ್ತದೆ. ಈ ಅರಪ್ಪನ್ನು ಗಟ್ಟಿ ಮೊಸರಿಗೆ ಬೆರೆಸಿ, ಊಟಕ್ಕೆ ಎಲೆ ಹಾಕಿದ ಮೇಲೆಯೇ ಬೆಂಡೆಯನ್ನು ಅದಕ್ಕೆ ಸೇರಿಸಬೇಕು. ಕುದಿಸುವುದಿಲ್ಲ. ಒಣಮೆಣಸು, ಕರಿಬೇವಿನ ಒಗ್ಗರಣೆ. ಬಿಸಿ ಕುಚ್ಚಲಕ್ಕಿ ಅನ್ನದ ಪಕ್ಕದಲ್ಲಿ ತಣ್ಣನೆಯ ಸಾಸಮೆ, ಮೂಗಿಗೆ ಏರುವ ಸಾಸಿವೆಯ ಘಾಟು, ಹಲ್ಲಿಗೆ ಸಿಕ್ಕುವ ಗರಿ. ಹೊರಗೆ ಮಳೆ ಹೊಯ್ಯುತ್ತಿರಬೇಕು, ಆಗ ಅದರ ರುಚಿ ಪೂರ್ತಿ.

ಮೇಲಾರಕ್ಕೆ ಬೇರೆ ಹದ. ಕಾಯಿಯನ್ನು ಎರಡಂಗುಲದ ತುಂಡು ಮಾಡಿ ಎಣ್ಣೆಯಲ್ಲಿ ಬಾಡಿಸಿ, ಹುಳಿಮಜ್ಜಿಗೆಯನ್ನು ಸ್ವಲ್ಪ ಹಾಕಿಯೇ ಬೇಯಿಸಬೇಕು. ಆಮೇಲೆ ತೆಂಗಿನಕಾಯಿ, ಹಸಿಮೆಣಸು, ಜೀರಿಗೆಯ ನುಣ್ಣನೆಯ ಅರಪ್ಪು, ಉಳಿದ ಮಜ್ಜಿಗೆ. ಅಂಚಿನಲ್ಲಿ ನೊರೆ ಏಳುತ್ತಿದ್ದಂತೆ ಇಳಿಸಬೇಕು. ಕೊದಿಲಿಗೆ ಹುಣಸೆಹುಳಿ: ಹುಳಿನೀರು ಬೆಲ್ಲದೊಂದಿಗೆ ಮರಳಿದ ಮೇಲೆ ಬೆಂಡೆ ಬೀಳಬೇಕು, ತಣ್ಣೀರಿಗೆ ಹಾಕಿ ಬೇಯಲು ಇಟ್ಟರೆ ಗಂಜಿಯಾಗುತ್ತದೆ. ಒಮ್ಮೆ ಹಾಕಿದ ಮೇಲೆ ಸಟ್ಟುಗ ಆಡಿಸುವುದು ಕಡಿಮೆ. ಕೊತ್ತಂಬರಿ, ಮೆಂತೆ, ಉದ್ದಿನಬೇಳೆ, ಒಣಮೆಣಸನ್ನು ಕೆಂಪಗೆ ಹುರಿದು ತೆಂಗಿನಕಾಯಿಯ ಜೊತೆ ಕಡೆದು ಸೇರಿಸಿದಾಗ ಬೆಂಡೆ ರಸ ಕುಡಿದು ಉಬ್ಬುತ್ತದೆ. ಒಳಗಿನ ಬೀಜ ಹಲ್ಲಿಗೆ ಸಿಕ್ಕಿ ಒಡೆಯುತ್ತದೆ. ಮರುದಿನ ಬೆಳಿಗ್ಗೆ ಉಳಿದ ಕೊದಿಲನ್ನು ಬತ್ತಿಸಿ ದೋಸೆಗೆ ಹಚ್ಚಿಕೊಂಡರೆ ಮೊದಲ ದಿನದ್ದಕ್ಕಿಂತ ರುಚಿ. ಕೊಂಕಣಿ ಮನೆಗಳ ಭೆಂಡಾ ಸಗಳೆ ಇದಕ್ಕಿಂತ ಗಟ್ಟಿ, ಖಾರವೂ ಹೆಚ್ಚು.

ಘಟ್ಟ ಹತ್ತಿದರೆ ಮೈಸೂರು ಸೀಮೆಯಲ್ಲಿ ಇದೇ ಕಾಯಿ ಗೊಜ್ಜಾಗುತ್ತದೆ. ಹುಳಿ, ಬೆಲ್ಲ, ಎಳ್ಳಿನ ಪುಡಿ, ಮೇಲೆ ತೇಲುವ ಎಣ್ಣೆ. ಧಾರವಾಡ, ಬಾಗಲಕೋಟೆಯ ಕಡೆ ಹೋದರೆ ಬೆಂಡಿಕಾಯಿಯ ಹೊಟ್ಟೆ ಸೀಳಿ ಶೇಂಗಾಪುಡಿ, ಖಾರ, ಹುಣಸೆ ತುಂಬಿ ಎಣ್ಣೆಯಲ್ಲಿ ಬಾಡಿಸಿ ಜೋಳದ ರೊಟ್ಟಿಯ ಮೇಲೆ ಇಡುತ್ತಾರೆ. ಮೂರು ಸೀಮೆಗಳಲ್ಲಿ ಮಸಾಲೆ ಬೇರೆ, ಹುಳಿ ಮಾತ್ರ ಎಲ್ಲ ಕಡೆಯೂ ಇದೆ. ಬೆಂಡೆ ತಿಂದರೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಮಕ್ಕಳಿಗೆ ಹೇಳುವ ಮಾತೂ ಎಲ್ಲ ಕಡೆಯೂ ಇದೆ. ಲೆಕ್ಕದ ಮಾತಿಗೆ ಆಧಾರವಿಲ್ಲ. ಆದರೆ ಬೆಂಡೆಯಲ್ಲಿ ನಾರು, ಸಿ ಜೀವಸತ್ವ, ಬಸುರಿಯರಿಗೆ ಬೇಕಾದ ಫೋಲೇಟ್ ಇರುವುದು ನಿಜ. ತಿನ್ನಿಸಲು ಆ ಕಾರಣ ಸಾಲದೇ?

ಲೋಳೆಯನ್ನು ಬೈಯುವವರು ಒಮ್ಮೆ ಮಂಡ್ಯದ ಕಡೆಯ ಆಲೆಮನೆಗೆ ಹೋಗಬೇಕು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಅದರ ಕೊಳೆ ತೆಗೆಯಲು ಬೆಂಡೆಗಿಡದ ದಂಟನ್ನು ಜಜ್ಜಿ, ನೀರಿನಲ್ಲಿ ಕಿವುಚಿ, ಆ ಲೋಳೆಯನ್ನು ಸುರಿಯುವ ಪದ್ಧತಿ ಇದೆ. ಲೋಳೆ ಕೊಳೆಯನ್ನೆಲ್ಲ ಹಿಡಿದುಕೊಂಡು ನೊರೆಯೊಂದಿಗೆ ಮೇಲೆ ತೇಲುತ್ತದೆ. ಅದನ್ನು ಜಾಲರಿಯಿಂದ ಎತ್ತಿ ಚೆಲ್ಲಿದರೆ ಬೆಲ್ಲಕ್ಕೆ ಹೊನ್ನಿನ ಬಣ್ಣ. ರಾಸಾಯನಿಕ ಪುಡಿ ಹಾಕಿ ಬಿಳುಪು ಮಾಡಿದ ಬೆಲ್ಲ ಮಾರುಕಟ್ಟೆ ತುಂಬಿರುವಾಗ ಈ ಹಳೆಯ ದಾರಿ ಉಳಿಯಬೇಕಾದದ್ದು.

ಬೆಂಡೆಯ ತವರು ಆಫ್ರಿಕವೋ ನಮ್ಮ ಉಪಖಂಡವೋ ಎಂಬುದರಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತ ಇಲ್ಲ. ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಹಡಗು ಏರಬೇಕಾಗಿ ಬಂದ ಜನರೊಂದಿಗೆ ಅದು ಅಮೆರಿಕಕ್ಕೆ ಹೋಯಿತು. ಲೂಸಿಯಾನದ ಗಂಬೊ ಎಂಬ ಸಾರಿಗೆ ಗಟ್ಟಿತನ ಕೊಡುವುದು ನಾವು ಬೈಯುವ ಈ ಲೋಳೆಯೇ. ತುರ್ಕಿಯಲ್ಲಿ ಬೆರಳ ತುದಿಯಷ್ಟರ ಮಿಡಿಗಳನ್ನು ದಾರಕ್ಕೆ ಪೋಣಿಸಿ ಚಳಿಗಾಲಕ್ಕೆಂದು ಒಣಗಿಸುತ್ತಾರೆ. ನಮ್ಮಲ್ಲಿ ಉಪ್ಪುಮಜ್ಜಿಗೆಯಲ್ಲಿ ನೆನೆಸಿ ಬಾಳಕ ಮಾಡುತ್ತಾರೆ. ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಂಡೆ ಬೆಳೆಯುವ ದೇಶ ಇಂದು ಭಾರತ.

ಅಂಗಳ ಇಲ್ಲದವರು ಏನು ಮಾಡಬೇಕು ಎಂದು ಕೇಳುತ್ತಾರೆ. ತಾರಸಿಯಲ್ಲಿ ಆರು ಗಂಟೆ ಬಿಸಿಲು ಬೀಳುವ ಮೂಲೆ ಇದ್ದರೆ ಬೆಂಡೆ ಬರುತ್ತದೆ. ಒಂದಡಿಗಿಂತ ಆಳದ ಚೀಲವೋ ಡಬ್ಬಿಯೋ ಬೇಕು, ಏಕೆಂದರೆ ಅದರ ತಾಯಿಬೇರು ನೇರ ಕೆಳಗಿಳಿಯುತ್ತದೆ. ಸಸಿ ಮಾಡಿ ಕಿತ್ತು ನೆಟ್ಟರೆ ಆ ಬೇರು ನೋಯುತ್ತದೆ, ಬೀಜವನ್ನು ಅಲ್ಲಿಯೇ ಊರಬೇಕು. ಬೆಂಗಳೂರಿನ ಡಿಸೆಂಬರ್, ಜನವರಿಯ ಚಳಿಯಲ್ಲಿ ಬೀಜ ಮೊಳೆಯಲು ತಡ ಮಾಡುತ್ತದೆ, ಫೆಬ್ರವರಿ ಕಳೆದ ಮೇಲೆ ಬಿತ್ತುವುದು ಮೇಲು. ಕೊಯ್ದದ್ದನ್ನು ಫ್ರಿಜ್ಜಿನ ಒಳಗಿನ ಕೊರೆಯುವ ತಂಪಿಗೆ ತಳ್ಳಬೇಡಿ. ಏಳು ಡಿಗ್ರಿಗಿಂತ ಕೆಳಗೆ ಹೋದರೆ ಕಾಯಿಯ ಮೈಯಲ್ಲಿ ಕಪ್ಪು ಗುಳಿ ಬೀಳುತ್ತದೆ. ಕೊಯ್ದ ದಿನವೇ ತಿನ್ನುವುದಾದರೆ ಅದರ ಗೊಡವೆಯೇ ಇಲ್ಲ.

ಕೊನೆಗೆ ಬೀಜದ ಮಾತು. ಪೇಟೆಯ ಪೊಟ್ಟಣದಲ್ಲಿ ಬರುವ ಹೈಬ್ರಿಡ್ ಬೀಜದ ಗಿಡದಿಂದ ಬೀಜ ಇಟ್ಟರೆ ಮರುವರ್ಷ ತಾಯಿಯ ಗುಣ ಬರುವುದಿಲ್ಲ. ಊರ ಬೆಂಡೆ ಹಾಗಲ್ಲ, ಇಟ್ಟ ಬೀಜ ಅದೇ ಕಾಯಿ ಕೊಡುತ್ತದೆ. ದೊಡ್ಡಮ್ಮ ಎರಡು ಒಳ್ಳೆಯ ಗಿಡ ಗುರುತಿಸಿ, ಅವುಗಳ ದಂಟಿನ ನಡುಭಾಗದ ನಾಲ್ಕು ಕಾಯಿಗೆ ಬಾಳೆನಾರು ಕಟ್ಟಿ ಬಿಡುತ್ತಿದ್ದರು. ನಾರು ಕಂಡರೆ ಯಾರೂ ಕೊಯ್ಯಬಾರದು. ಒಂದು ತಿಂಗಳಲ್ಲಿ ಕಾಯಿ ಒಣಗಿ, ಏಣುಗಳು ಬಿರಿಯತೊಡಗಿದಾಗ ತೊಟ್ಟು ಸಮೇತ ಕೊಯ್ದು, ಗೊಂಚಲು ಮಾಡಿ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುತ್ತಿದ್ದರು. ಹೊಗೆಗೆ ಹುಳ ಬರುವುದಿಲ್ಲ. ಈಗ ಹೊಗೆಯ ಅಟ್ಟ ಇಲ್ಲದ ಮನೆಗಳಲ್ಲಿ ಬೀಜ ಬಿಡಿಸಿ, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಗಾಜಿನ ಬಾಟಲಿಯಲ್ಲಿ ಇಟ್ಟರೂ ಆಗುತ್ತದೆ. ಹತ್ತಿರದಲ್ಲಿ ಬೇರೆ ಜಾತಿಯ ಬೆಂಡೆ ಇದ್ದರೆ ಜೇನು ಪರಾಗ ಬೆರೆಸುತ್ತದೆ. ಹೂ ಅರಳುವ ಹಿಂದಿನ ಸಂಜೆ ಮೊಗ್ಗಿನ ತುದಿಗೆ ನೂಲು ಸುತ್ತಿದರೆ ಬೆರಕೆ ಆಗದು. ಬೀಜದ ಜೀವ ಒಂದೆರಡು ವರ್ಷವಷ್ಟೇ. ಎರಡು ಮಳೆಗಾಲ ಬಿತ್ತದೆ ಬಿಟ್ಟರೆ ಆ ಮನೆಯ ಬೆಂಡೆ ಅಲ್ಲಿಗೆ ಮುಗಿಯಿತು. ಎಷ್ಟೋ ಮನೆಗಳಲ್ಲಿ ಮುಗಿದೂ ಹೋಗಿದೆ.

ನಿಮ್ಮೂರಿನಲ್ಲಿ, ನೆಂಟರ ಮನೆಯಲ್ಲಿ ಯಾರಾದರೂ ಇನ್ನೂ ಊರ ಬೆಂಡೆ ಬೆಳೆಯುತ್ತಿದ್ದರೆ ಈ ಸೋಣದಲ್ಲೇ ಹೋಗಿ ಬೀಜಕ್ಕೆ ನಾಲ್ಕು ಕಾಯಿ ಬಿಡಲು ಹೇಳಿ. ಬರುವ ಪತ್ತನಾಜೆಗೆ ನೀವು ಬಿತ್ತಿ. ಬೀಜ ಹೆಚ್ಚಾದರೆ ಪಕ್ಕದ ಎರಡು ಮನೆಗಾದರೂ ಹಂಚಿ, ನಿಮ್ಮ ಗಿಡ ಮಂಗನ ಪಾಲಾದ ವರ್ಷ ಅವರಿಂದ ಕೇಳಿ ತರಬಹುದು.